ಗೋಡೆಯಾಚೆಯ ಯಂತ್ರಗಳು ಮತ್ತು ಚನಬಸಪ್ಪ ಕಾಕಾ

ಚನಬಸಪ್ಪ ಕಾಕಾ ಅವರೊಡನೆ ಮಾತಾಡಬೇಕಾದರೆ ಎಡಗಡೆಗೇ ನಿಲ್ಲಬೇಕಿತ್ತು. ಬಲಗಿವಿ ಪೂರ್ತಿ ಹೋಗಿತ್ತು. ಹಿಂದಿನಿಂದ ಕರೆದರೆ ಕೇಳಿಸದ ಮನುಷ್ಯ, ನಮ್ಮ ಬಿಲ್ಡಿಂಗಿನ ಗೋಡೆಗೆ ಅಂಗೈ ಒತ್ತಿ, "ಇವತ್ತ ನಾಕನೇ ಮಶಿನ್ನೂ ಚಾಲೂ ಮಾಡ್ಯಾರ" ಎಂದುಬಿಡುತ್ತಿದ್ದರು.

ಮುಂಬೈಯ ಘಾಟ್ಕೋಪರಿನ ನಮ್ಮ ಹೌಸಿಂಗ್ ಸೊಸೈಟಿಯ ಬೆನ್ನಿಗೇ ಕಿಟಕಿಗಳಿಲ್ಲದ ಆರು ಮಹಡಿಯ ಕಟ್ಟಡವಿದೆ. ಜನ ಮೊಬೈಲಿನಲ್ಲಿ ಕಳಿಸುವ, ನೋಡುವ, ಕೂಡಿಡುವ ಸಮಸ್ತವನ್ನೂ ಹೊತ್ತ ಸರ್ವರ್‌ಗಳು ಅದರೊಳಗೆ ಹಗಲೂ ರಾತ್ರಿ ಓಡುತ್ತವೆ. ಅವು ಕಾಯದಂತೆ ತಂಪಿಡುವ ಯಂತ್ರಗಳ ಮೆಕ್ಯಾನಿಕ್ ನಮ್ಮ ಕಾಕಾ. ವಿಜಯಪುರದ ಕಡೆಯವರು. ಕಂಪನಿಯೇ ಕೊಟ್ಟಿದ್ದ ಎದುರು ಫ್ಲಾಟಿನಲ್ಲಿ ಒಬ್ಬರೇ ಇದ್ದರು. ಆ ಯಂತ್ರಗಳ ಗದ್ದಲಕ್ಕೇ ಅವರ ಕಿವಿ ಹೋದದ್ದು.

ನಮ್ಮತ್ತೆ ದಿನಾ ಬೆಳಿಗ್ಗೆ ಸೊಸೈಟಿಯ ವಾಟ್ಸ್ಯಾಪ್ ಗ್ರೂಪಿಗೆ ಕಮಲದ ಚಿತ್ರ ಹಾಕಿ ಗುಡ್ ಮಾರ್ನಿಂಗ್ ಹೇಳುತ್ತಿದ್ದರು. ಒಂದು ದಿನ ಕಾಕಾ ಬಾಗಿಲಿಗೇ ಬಂದು ಕೈಮುಗಿದರು.

"ಅಮ್ಮಾರ, ಶರಣ್ರೀ. ಇನ್ನ ಮ್ಯಾಲೆ ದಿನಾ ನಾನೇ ಬಂದು ಶರಣು ಹೇಳ್ತೀನಿ. ಆ ಹೂವು ಬ್ಯಾಡ್ರಿ."

"ಯಾಕಪ್ಪಾ, ಹೂವು ನಿಮಗೇನು ಮಾಡಿತು?"

"ಒಂದ ಹೂವು ಏನೂ ಮಾಡಂಗಿಲ್ಲರೀ. ಇಡೀ ಮುಂಬೈ ಕಳಸ್ತೈತಲ್ಲ, ಅದಕ್ಕ ಮಶಿನ್ ಕಾಯ್ತಾವ. ನಾ ನೀರ ಹರಿಸಿ ತಣ್ಣಗ ಮಾಡಬೇಕು."

ಅತ್ತೆ ನಕ್ಕರು. ಮರುದಿನ ಕಮಲದ ಬದಲು ಗುಲಾಬಿ ಕಳಿಸಿದರು.

ಆ ಮೇ ತಿಂಗಳಲ್ಲಿ ನಮ್ಮ ನಲ್ಲಿಗಳಲ್ಲಿ ದಿನಕ್ಕೆ ಅರ್ಧ ಗಂಟೆ ಮಾತ್ರ ನೀರು. ಕಾಕಾ ನನ್ನನ್ನು ಟೆರೇಸಿಗೆ ಕರೆದೊಯ್ದರು. ಪಕ್ಕದ ಗೇಟಿನಲ್ಲಿ ಟ್ಯಾಂಕರುಗಳು ಸಾಲುಗಟ್ಟಿದ್ದವು. ಆ ಕಟ್ಟಡದ ನೆತ್ತಿಯ ಫ್ಯಾನುಗಳಿಂದ ಬೆಚ್ಚನೆಯ ತೇವದ ಗಾಳಿ ಮುಖಕ್ಕೆ ಬಡಿಯಿತು.

"ಟ್ಯಾಂಕರ್‌ನ್ಯಾಗ ಬಂದ ನೀರು ಹಿಂಗ ಗಾಳಿಗೆ ಹೋಗ್ತೈತಿ ನೋಡವ್ವಾ. ನಿನ್ನ ಮೊಬೈಲಿನಾಗ ಫೋಟೋ ಎಷ್ಟದಾವು?"

ಒಂಬತ್ತು ಸಾವಿರ. ಅರ್ಧದಷ್ಟನ್ನು ನಾನು ತಿರುಗಿಯೂ ನೋಡಿರಲಿಲ್ಲ.

"ನೀ ಮರತರೂ ಅವನ್ನ ನಾವು ಕಾಯಬೇಕವ್ವಾ."

ಆ ಸಂಜೆ ನೂರಾರು ಅಳಿಸಿದೆ. ಗೋಡೆಯ ಗುಂಯ್‌ಗುಡುವಿಕೆ ಹಾಗೇ ಇತ್ತು.

ಜೂನ್ ಮೊದಲ ವಾರ, ಒಂದು ಮಧ್ಯಾಹ್ನ ಕರೆಂಟು ಹೋಯಿತು. ಆ ಕಟ್ಟಡದ ಡೀಸೆಲ್ ಜನರೇಟರುಗಳೆಲ್ಲ ಒಟ್ಟಿಗೇ ಶುರುವಾಗಿ, ಹೊಗೆ ನಮ್ಮ ಕಿಟಕಿಗಳಿಗೆ ನುಗ್ಗಿತು. ಉಬ್ಬಸವಿದ್ದ ನನ್ನ ಮಗಳು ಅನಘಾಳ ತುಟಿ ನೀಲಿಗಟ್ಟತೊಡಗಿತು. ಡ್ಯೂಟಿಯಲ್ಲಿದ್ದ ಕಾಕಾಗೆ ಫೋನ್ ಮಾಡಿ ಚೀರಿದೆ: "ಕಾಕಾ, ಹತ್ತು ನಿಮಿಷ ಬಂದ್ ಮಾಡಿಸಿ!"

"ಅದು ನನ್ನ ಕೈಯಾಗಿಲ್ಲವ್ವಾ. ಕೂಸಿನ್ನ ಎತ್ತಿಕೊಂಡು ಇಳದ ಬಾ. ರಿಕ್ಷಾ ನಾ ನಿಂದ್ರಸ್ತೀನಿ."

ಡ್ಯೂಟಿ ಬಿಟ್ಟು ಓಡಿ ಬಂದು, ಆಸ್ಪತ್ರೆಯ ತನಕ ಜೊತೆಗಿದ್ದು, ಆಮೇಲೆ ಡ್ಯೂಟಿಗೆ ಮರಳಿದರು. ಅನಘಾ ಎರಡು ದಿನ ಆಕ್ಸಿಜನ್ ಮೇಲಿದ್ದು ಉಳಿದಳು.

ಸೊಸೈಟಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಟ್ಟಿತು. ಜನರೇಟರು ಓಡಿದ್ದೇ ಹತ್ತು ನಿಮಿಷ ಎಂದರು ಕಂಪನಿಯವರು. ವಿಚಾರಣೆಗೆ ಬಂದ ಅಧಿಕಾರಿಯೆದುರು ಕಾಕಾ ಎದ್ದು ನಿಂತರು. "ಐದು ತಾಸು ಓಡ್ಯಾವರೀ ಸಾಹೇಬ್ರ. ಲಾಗ್‌ಬುಕ್ಕಿನಾಗ ನಾನೇ ಬರದೀನಿ." ವಾರದೊಳಗೆ ಕೆಲಸ ಹೋಯಿತು, ಅದರ ಜೊತೆ ಮನೆಯೂ.

ಸ್ಟೇಷನ್ನಿಗೆ ಬಿಡಲು ನಾನೇ ಹೋದೆ. ಅವರಿಗೆ ಗೊತ್ತಿದ್ದದ್ದು ಅದೊಂದೇ ಕಸುಬು. ಹೈದರಾಬಾದಿನ ಅಂಥದ್ದೇ ಕಟ್ಟಡಕ್ಕೆ ಹೊರಟಿದ್ದರು. ಗಾಡಿ ಹೊರಡುವಾಗ ದನಿ ತಗ್ಗಿಸಿ ಹೇಳಿದರು:

"ನಿಮ್ಮ ಕಿಟಕಿ ಮುಂದಿನ ಖಾಲಿ ಜಾಗದಾಗ ಇಂಥಾದ್ದ ಇನ್ನೊಂದು ಏಳ್ತೈತಿ. ನಕ್ಷಾ ನೋಡೀನಿ. ಇದರ ಮೂರು ಪಟ್ಟು. ಕೂಸಿನ್ನ ಕರಕೊಂಡು ಬ್ಯಾರೆ ಕಡೆ ಹೋಗ್ರವ್ವಾ."

ದೂರದ ಬೊರಿವಲಿಯವರೆಗೂ ಮನೆ ಹುಡುಕಿದೆವು, ಬಾಡಿಗೆ ಕೈಗೆಟುಕಲಿಲ್ಲ. ಕಾಕಾ ಅವರ ನಂಬರ್ ಈಗ ಹತ್ತುವುದಿಲ್ಲ. ಹೊಸ ಕಟ್ಟಡ ಕಳೆದ ವಾರ ನಮ್ಮ ಮಹಡಿಯ ಎತ್ತರಕ್ಕೆ ಬಂದಿದೆ. ಅನಘಾ ಮಲಗುವ ಕೋಣೆಯಲ್ಲಿ ಮಧ್ಯಾಹ್ನವೂ ದೀಪ ಹಾಕುತ್ತೇವೆ.