ಸ್ಕೋರ್ ಹೇಳುತ್ತಿದ್ದ ಮಾವ

"ನಿಮ್ಮೂರು ತಗ್ಗಿನಲ್ಲಿದೆ ಮೇಡಂ, ಅದಕ್ಕೇ ಸಿಗ್ನಲ್ ಸಿಗ್ತಿಲ್ಲ" ಎಂದ ರೇಡಿಯೊ ಕೇಂದ್ರದವನು ಫೋನಿನಲ್ಲಿ. ನನಗೆ ಮೈಯೆಲ್ಲ ಉರಿದುಹೋಯಿತು. ಸೋಲೂರಿನ ಪಕ್ಕದ ನಮ್ಮೂರು ಹೋದ ವರ್ಷವೂ ಇದೇ ತಗ್ಗಿನಲ್ಲಿತ್ತು. ಆಗ ಅವರ ಕ್ರಿಕೆಟ್ ಕಾಮೆಂಟರಿ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳುತ್ತಿತ್ತು. ಊರೇನು ಈ ವರ್ಷ ಹೊಸದಾಗಿ ಕುಸಿಯಿತೇ?

ರೇಡಿಯೊ ನನಗಲ್ಲ, ನಮ್ಮ ಮಾವನವರಿಗೆ. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋದ ಮೇಲೆ ಅವರ ಲೋಕವೆಲ್ಲ ಅದೇ ಆಗಿತ್ತು. ನಮ್ಮದು ರೇಷ್ಮೆ ಸಾಕುವ ಮನೆ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳಿರುತ್ತವಲ್ಲ, ಅಂಥದ್ದೊಂದನ್ನು ಜಗಲಿಯ ಗೋಡೆಗೆ ಒರಗಿಸಿ ಅದರ ತುದಿಗೆ ರೇಡಿಯೊ ಕಟ್ಟಿದ್ದೆವು. ಆ ಎತ್ತರಕ್ಕೆ ದನಿ ಚೆನ್ನಾಗಿ ಬರುತ್ತಿತ್ತು. ಮಾವ ಮಧ್ಯಾಹ್ನವೆಲ್ಲ ಮ್ಯಾಚ್ ಕೇಳಿ, ಸಂಜೆ ನನ್ನ ಕೈ ಹಿಡಿದು ಹಾಲಿನ ಡೈರಿಗೆ ಬರುತ್ತಿದ್ದರು. ಸಾಲಿನಲ್ಲಿ ನಿಂತವರ ಜೇಬಿನಲ್ಲೆಲ್ಲ ಮೊಬೈಲ್ ಇದ್ದರೂ "ಎಷ್ಟಾಯ್ತಣ್ಣ?" ಎಂದು ಕೇಳುತ್ತಿದ್ದುದು ಇವರನ್ನೇ. ಯಾರು ಹೇಗೆ ಔಟಾದ, ಚೆಂಡು ಎಲ್ಲಿ ಪುಟಿಯಿತು, ಎಲ್ಲವನ್ನೂ ಕೈ ಆಡಿಸಿ ಹೇಳುತ್ತಿದ್ದರು. ಹಾಲು ಅಳೆಯುವವನೂ ಅಳತೆ ನಿಲ್ಲಿಸಿ ಕೇಳುತ್ತಿದ್ದ.

ನಮ್ಮ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನವೇ ದೊಡ್ಡ ಮ್ಯಾಚ್ ಬಂತು. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಚಂದ್ರಿಕೆ ಸಾಲದೆ ಜಗಲಿಯದನ್ನೂ ಒಳಕ್ಕೆ ಎಳೆದುಕೊಂಡೆ, ರೇಡಿಯೊವನ್ನು ಕಿಟಕಿಯಲ್ಲಿಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಅದು ಬರೀ ಗೊರಗೊರ ಎನ್ನತೊಡಗಿತು. ಸಂಜೆ ಡೈರಿಯಲ್ಲಿ ಮಾವ ತಮಗೆ ಕೊನೆಗೆ ಕೇಳಿಸಿದ್ದನ್ನೇ ಹೇಳಿದರು: "ಗೆಲ್ತೀವಿ ಕಣ್ರಪ್ಪ, ಇನ್ನೂ ಆರ್ ವಿಕೆಟ್ ಐತೆ."

ಒಬ್ಬ ಕಿಸಕ್ಕನೆ ನಕ್ಕ. "ಆಗ್ಲೇ ಸೋತ್ಬುಟ್ರಲ್ಲಣ್ಣ! ಯಾವ್ ಕಾಲ್ದಲ್ಲಿದ್ದೀಯ ನೀನು?"

ಸಾಲಿಗೆ ಸಾಲೇ ನಕ್ಕಿತು. ಮಾವ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡರು. ಮಾರನೆಯ ದಿನ ಕಾಲುನೋವು ಎಂದರು, ಡೈರಿಗೆ ಬರಲಿಲ್ಲ. ಆಮೇಲೂ ಬರಲಿಲ್ಲ.

ತಪ್ಪು ನನ್ನದೇ ಎಂದು ಕೊರಗಿದೆ. ಗೂಡು ಬಿಡಿಸಿದ ಕೂಡಲೇ ಚಂದ್ರಿಕೆಯನ್ನು ಹಳೆಯ ಜಾಗಕ್ಕೇ ನಿಲ್ಲಿಸಿ ರೇಡಿಯೊ ಕಟ್ಟಿದೆ. ಅದೇ ಗೊರಗೊರ. ಪಕ್ಕದ ಊರಿನಲ್ಲಿ ವಿಚಾರಿಸಿದರೆ ಅಲ್ಲೂ ಅದೇ ಕಥೆ. ಆಗಲೇ ನಾನು ಫೋನ್ ಮಾಡಿದ್ದು. ತಗ್ಗಿನ ಪುರಾಣ ಕೇಳಿಕೊಂಡು ಸುಮ್ಮನಿರದೆ ಗದರಿದಾಗ ನಿಜ ಬಾಯಿಬಿಟ್ಟ. ಆ ದೊಡ್ಡ ಮ್ಯಾಚಿನ ದಿನವೇ ಪ್ರಸಾರದ ಶಕ್ತಿಯನ್ನು ಅವರೇ ಇಳಿಸಿದ್ದರು! ಜನಕ್ಕೆ ಒಂದು ಮಾತು ಹೇಳಬೇಕೆಂದು ಯಾರಿಗೂ ಅನಿಸಿರಲಿಲ್ಲ.

"ಈಗ ಹಳ್ಳಿಗಳಲ್ಲಿ ರೇಡಿಯೊ ಯಾರು ಕೇಳ್ತಾರೆ ಮೇಡಂ? ಟಿವಿಯಲ್ಲಿ ನೋಡಬಹುದಲ್ಲ?"

"ನೋಡಕ್ಕೆ ಕಣ್ಣು ನೀನ್ ಕೊಡ್ತೀಯೇನಪ್ಪ?" ಎಂದೆ. ಫೋನ್ ಇಟ್ಟುಬಿಟ್ಟ.

ಮುಂದಿನ ಮ್ಯಾಚಿಗೆ ಟಿವಿ ಹಾಕಿ ಮಾವನನ್ನು ಎದುರಿಗೆ ಕೂರಿಸಿದೆ. ಟಿವಿಯವರು ಚೆಂಡು ಎಲ್ಲಿ ಹೋಯಿತೆಂದು ಹೇಳುವುದೇ ಇಲ್ಲ. ಎಲ್ಲರೂ ನೋಡುತ್ತಿದ್ದಾರಲ್ಲ, ಯಾಕೆ ಹೇಳಬೇಕು? ಹಾಗಾಗಿ ನಾನೇ ಶುರುಮಾಡಿದೆ.

"ಹೊಡ್ದ ಮಾವ."

"ಎತ್ಲಾಗ್ ಹೊಡ್ದ?"

"ಆ ಕಡೀಕೆ."

"ಆ ಕಡೀಕೆ ಅಂದ್ರೆ ಯಾವ್ ಕಡೀಕವ್ವ?"

ನನಗೆ ಗೊತ್ತಿರಲಿಲ್ಲ. ಎಡಕ್ಕೆ, ಬಲಕ್ಕೆ ಎಂದು ತೊದಲಿದೆ. ಹೇಳಲು ಬಲ್ಲವರು ಎಲ್ಲೋ ಕೂತು ಈಗಲೂ ಹೇಳುತ್ತಿದ್ದಾರೆ, ಅದು ನಮ್ಮ ಜಗಲಿಗೆ ಬರದ ಹಾಗೆ ಮಾಡಿದ್ದಾರಲ್ಲ ಎಂದು ಸಿಟ್ಟಿಗೆ ರಿಮೋಟನ್ನು ನೆಲಕ್ಕೆ ಕುಕ್ಕಿದೆ.

ಮಾವನಿಗೆ ಅರ್ಥವಾಗಿರಬೇಕು. ಕೈಯಲ್ಲೇ ಸಾಕು ಎಂದು ಸನ್ನೆ ಮಾಡಿದರು.

"ಬುಡವ್ವ, ಹಾಲ್ ಕರ್ಯೋ ಹೊತ್ತಾಯ್ತು. ಡೈರಿಲಿ ಯಾರ್ನಾದ್ರೂ ಕೇಳ್ಕಂಡ್ ಬಾ, ಎಷ್ಟಾಯ್ತು ಅಂತ."