ಗ್ರೋಬೆಕ್ ಮಾವನ ಪೂರ್ತಿ ಹೆಸರು

ಲೂಯಿಸಿಯಾನದ ನಮ್ಮ ಬಾಯೂ ಎಂಬ ಜೌಗು ಹೊಳೆಯ ದಂಡೆಯಲ್ಲಿ ಗುರುತಿದ್ದವರ ಹೆಸರು ಕೇಳುವುದೆಂದರೆ ಮುಖಕ್ಕೆ ಹೊಡೆದಂತೆ. ಅಜ್ಜಿಯ ಮಂಡಿನೋವು ಹೇಗಿದೆ, ಈ ಸಲ ಬಲೆಗೆ ಸೀಗಡಿ ಬಿತ್ತೇ, ಮಗ ಇನ್ನೂ ಆ ಹುಡುಗಿಯ ಹಿಂದೆಯೇ ಸುತ್ತುತ್ತಿದ್ದಾನೆಯೇ ಎಂದು ಎಷ್ಟು ಬೇಕಾದರೂ ಕೇಳಿ, ಯಾರೂ ಬೇಸರಪಡುವುದಿಲ್ಲ. ಹೆಸರು ಮಾತ್ರ ಕೇಳಕೂಡದು. ಅದು ಗೊತ್ತಿರಬೇಕು. ಚರ್ಚಿನಲ್ಲಿ ಇಟ್ಟ ಹೆಸರಲ್ಲ, ಊರು ಇಟ್ಟ ಹೆಸರು. ಉದ್ದ ಮೂಗಿನ ಲಿರೆಟ್ ಮುದುಕನಿಗೆ ಹುಡುಗನಾಗಿದ್ದಾಗಲೇ ದೊಡ್ಡ ಕೊಕ್ಕಿನ ಗ್ರೋಬೆಕ್ ಹಕ್ಕಿಯ ಹೆಸರು ಅಂಟಿಕೊಂಡಿತ್ತು. ಸೀಗಡಿ ದೋಣಿ ಮಾರಿ ವೃದ್ಧಾಶ್ರಮ ಸೇರಿದಾಗ ಕೋಣೆಯ ಬಾಗಿಲಿಗೂ ಅದನ್ನೇ ಬರೆಸಿ ಹಾಕಿಸಿಕೊಂಡ. ಅವನನ್ನು ಚರ್ಚಿನ ಹೆಸರಿನಿಂದ ಕರೆಯುತ್ತಿದ್ದವಳು ಹೆಂಡತಿ ಓಝೆಯಾ ಒಬ್ಬಳೇ. ಅವಳು ತೀರಿಕೊಂಡ ಮೇಲೆ ಡಾಕ್ಟರೇ ಬಂದು ಆ ಹೆಸರು ಕೂಗಿದರೂ ಮುದುಕ ಗೋಡೆ ನೋಡುತ್ತ ಕೂತಿರುತ್ತಿದ್ದ.

ಊರಿನ ಈ ಮರ್ಯಾದೆಯೇ ಯೂಲಾ ವೆರ್ಡಿನ್‌ಳ ನರ್ಸಿಂಗ್ ಪರೀಕ್ಷೆಗೆ ಅಡ್ಡ ಬಂದು ನಿಂತಿತು.

ಯೂಲಾ ಆ ಆಶ್ರಮದಲ್ಲಿ ಬಹಳ ವರ್ಷಗಳಿಂದ ಆಯಾ. ಆಯಾ ಆದವಳು ಮೈ ಒರೆಸಬಹುದು, ಮಗ್ಗುಲು ಬದಲಿಸಬಹುದು, ತುತ್ತಿಡಬಹುದು. ತಲೆನೋವಿಗೆ ಒಂದು ಮಾತ್ರೆ ಕೊಡುವ ಹಾಗಿಲ್ಲ. ಗ್ರೋಬೆಕ್ ಮಾವ ಬೆನ್ನುನೋವಿಗೆ ಹಲ್ಲು ಕಚ್ಚಿ ಮಲಗಿರುವಾಗ, ಪಡಸಾಲೆಯ ಆ ತುದಿಯಿಂದ ಔಷಧದ ಗಾಡಿ ತಳ್ಳಿಕೊಂಡು ನರ್ಸು ಬರುವವರೆಗೆ ಅವನ ಕೈ ಹಿಡಿದು ಕೂರುವುದಷ್ಟೇ ಅವಳಿಂದಾಗುತ್ತಿತ್ತು. ನೋಡಿ ನೋಡಿ ಸಾಕಾಯಿತು. ಮಗಳು ಮದುವೆಗೆ ಬಂದ ವಯಸ್ಸಿನಲ್ಲಿ ತಾನು ಚೀಲ ಹೆಗಲಿಗೇರಿಸಿ ಪೇಟೆಯ ಕಾಲೇಜಿಗೆ ಪ್ರಾಕ್ಟಿಕಲ್ ನರ್ಸಿಂಗ್ ಕಲಿಯಲು ಹೊರಟಳು.

ಪಾಠವೆಲ್ಲ ಮುಗಿದು, ಹೊರಬೀಳುವ ಮುಂಚಿನ ಕೊನೆಯ ಪರೀಕ್ಷೆ ಬಂತು. ಕಂಪ್ಯೂಟರಿನ ಭಾಗವನ್ನು ಹೇಗೋ ದಾಟಿದಳು. ರೋಗಿಗೆ ಮಾತ್ರೆ ಕೊಟ್ಟು ತೋರಿಸುವ ಇನ್ನೊಂದು ಭಾಗಕ್ಕೆಂದು ಕೋಣೆಯೊಳಗೆ ಹೋದರೆ, ರೋಗಿಯ ಪಾತ್ರಕ್ಕೆ ಹಾಸಿಗೆಯಲ್ಲಿ ಮಲಗಿದ್ದವರು ಮಿಸ್ ವೆಲ್ಮಾ, ಚಿಕ್ಕಂದಿನಲ್ಲಿ ಅವಳಿಗೆ ಪ್ರಾರ್ಥನೆ ಹೇಳಿಕೊಟ್ಟವರು.

"ಅಯ್ಯೋ ಮಿಸ್ ವೆಲ್ಮಾ, ನೀವಾ! ಮನೇಲೆಲ್ಲ ಚೆನ್ನಾಗಿದಾರಾ?" ಎನ್ನುತ್ತ ಯೂಲಾ ಕೈ ತೊಳೆದಳು, ದಿಂಬು ಸರಿಮಾಡಿದಳು, ಬೆನ್ನಿಗೆ ಕೈ ಕೊಟ್ಟು ಕೂರಿಸಿದಳು, ನೀರಿನ ಲೋಟದ ಜೊತೆಗೆ ಮಾತ್ರೆಯನ್ನೂ ಕೊಟ್ಟಳು.

"ಅಲ್ಲೇ ನಿಲ್ಸಿ," ಎಂದರು ಪರೀಕ್ಷಕಿ ಮಿಸ್ ರೊನೆಲ್. "ಹೆಸರು ಕೇಳ್ಲಿಲ್ಲ. ಹುಟ್ಟಿದ ತಾರೀಖು ಕೇಳ್ಲಿಲ್ಲ. ಕೈಪಟ್ಟೀಲಿ ಬರ್ದಿದ್ದು ನೋಡ್ಲಿಲ್ಲ."

"ಇವರು ಮಿಸ್ ವೆಲ್ಮಾ ಅಲ್ವಾ ಮೇಡಂ? ನಂಗೆ ಗೊತ್ತಲ್ಲ!"

"ಗೊತ್ತಿದ್ರೂ ಕೇಳ್ಬೇಕು."

ಫೇಲು. ಯೂಲಾಳಿಗಿಂತ ಹೆಚ್ಚು ಅತ್ತವರು ಮಿಸ್ ವೆಲ್ಮಾ. ಉಳಿದದ್ದು ಇನ್ನೊಂದೇ ಅವಕಾಶ. ಅದೂ ಕೈತಪ್ಪಿದರೆ ಕಾಲೇಜಿನಿಂದ ಹೊರಗೆ, ಮತ್ತೆ ಅದೇ ಆಯಾ ಕೆಲಸ, ಅದೇ ಕೈ ಹಿಡಿದು ಕಾಯುವುದು.

ಸುದ್ದಿ ಕೇಳಿ ಗ್ರೋಬೆಕ್ ಮಾವ ಕೆಮ್ಮು ಬರುವಷ್ಟು ನಕ್ಕ.

"ನಗ್ಬೇಡಿ ಮಾವ. ನಾಲಿಗೆನೇ ಏಳಲ್ಲ. ಗೊತ್ತಿದ್ದೋರನ್ನ ಯಾರು ನೀವು ಅಂತ ಹೆಂಗ್ ಕೇಳ್ಲಿ?"

"ನಾಲಿಗೆ ನಾನ್ ಏಳಿಸ್ತೀನಿ ಶಾ," ಎಂದ. ಮುದ್ದು ಉಕ್ಕಿದಾಗ ನಮ್ಮವರು ಎಲ್ಲರನ್ನೂ ಶಾ ಎಂದೇ ಕರೆಯುವುದು. "ದಿನಾ ಬಾ. ಪೆಪ್ಪರ್‌ಮಿಂಟ್ ತಗೊಂಬಾ."

ಅಂದಿನಿಂದ ಕೆಲಸ ಮುಗಿದ ಮೇಲೆ ಅದೇ ಆಟ. ಕಾಗದದ ಬಟ್ಟಲಲ್ಲಿ ಪೆಪ್ಪರ್‌ಮಿಂಟು, ಮಾವನ ಮುಂಗೈಗೆ ಅವನ ಚರ್ಚಿನ ಹೆಸರು ಬರೆದ ಒಂದು ಪಟ್ಟಿ. ಹೆಸರು ಕೇಳುವವರೆಗೆ ಮುದುಕ ಬಾಯಿ ತೆರೆಯುತ್ತಿರಲಿಲ್ಲ. ಮೊದಲ ದಿನ ಯೂಲಾ ಕಿವಿಯವರೆಗೆ ಕೆಂಪಾಗಿ, "ನಿಮ್ಮ... ಪೂರ್ತಿ ಹೆಸರು?" ಎಂದಳು.

"ಮಿಸ್ ವೆಲ್ಮಾ!" ಎಂದ ಮಾವ.

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಯೂಲಾಳೂ ನಗುತ್ತ ಪೆಪ್ಪರ್‌ಮಿಂಟು ಕೊಟ್ಟುಬಿಟ್ಟಳು. ಮಾವ ಅದನ್ನು ಕಟಕಟ ಅಗಿದು, ನಾಲಿಗೆ ಹೊರಚಾಚಿ ಮಂಚಕ್ಕೊರಗಿದ. "ಸತ್ತೆ ಶಾ! ವೆಲ್ಮಾ ಮಾತ್ರೆ ನಂಗ್ ಕೊಟ್ಟು ಕೊಂದೆ."

ಮಾರನೆಯ ದಿನ ಅವನು ಬಿಷಪ್ಪನಾದ. ಆಮೇಲೆ ಕ್ಷೌರದವನಾದ, ಪೊಲೀಸನಾದ, ಎದುರು ಕೋಣೆಯ ಮುದುಕಿಯ ಸತ್ತ ಗಂಡನೂ ಆದ. ಮುದುಕಿ ಮುನಿಸಿಕೊಳ್ಳುವ ಬದಲು, "ಅವ್ನಿಗಿಂತ ನೀನೇ ವಾಸಿ ಬಿಡು," ಎಂದಳು. ಸುಳ್ಳು ಹೆಸರಿಗೆ ಯೂಲಾ ಪಟ್ಟಿ ನೋಡಿ, ಹೊಂದುವುದಿಲ್ಲವೆಂದು ಬಟ್ಟಲು ಹಿಂದೆಗೆಯಬೇಕು. ಒಮ್ಮೆ ಹಿಂದೆಗೆಯುತ್ತಿದ್ದಳು, ಒಮ್ಮೆ ನಕ್ಕು ಕೊಡುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಾಗ ಅವಳಿಗೆ ರೇಗಿತು.

"ನಿಮ್ಗೆ ಬರೀ ತಮಾಷೆ. ಫೇಲಾದ್ರೆ ನನ್ ಗತಿ?"

ಮುದುಕನ ನಗು ನಿಂತಿತು. "ಓಝೆಯಾ ಆಸ್ಪತ್ರೇಲಿದ್ದಾಗ ಪಕ್ಕದ್ ಹಾಸ್ಗೇಲಿದ್ದ ಇನ್ನೊಬ್ಳು ಲಿರೆಟ್ ಮಾತ್ರೆ ಇವಳಿಗ್ ಕೊಟ್ಬಿಟ್ರು. ಕೊಟ್ಟೋಳು ನಮ್ಮೂರೋಳೇ. ಒಳ್ಳೇ ಹುಡುಗಿ. ಗೊತ್ತಿರೋರನ್ನ ಏನ್ ಕೇಳೋದು ಅಂತ ಕೇಳ್ಲಿಲ್ಲ. ಓಝೆಯಾ ಬದ್ಕಿದ್ಳು. ಆದ್ರೆ ಅವತ್ತು ನಾನ್ ಕೂತ್ಕೊಂಡು ನಡುಗಿದ್ದು ನಂಗೇ ಗೊತ್ತು." ಮುಂಗೈಯ ಪಟ್ಟಿಯನ್ನು ಅವಳ ಕಡೆಗೆ ತಿರುಗಿಸಿದ. "ನೀನು ಕೇಳಿದ್ರೆ ನಂಗೆ ಅವಮಾನ ಆಗಲ್ಲ ಶಾ. ಧೈರ್ಯ ಬರುತ್ತೆ."

ಅದಾದ ಮೇಲೆ ಬಿಷಪ್ಪನಿಗಾಗಲಿ ಪೊಲೀಸನಿಗಾಗಲಿ ಯೂಲಾಳ ಕೈಯಿಂದ ಒಂದು ಪೆಪ್ಪರ್‌ಮಿಂಟೂ ಸಿಗಲಿಲ್ಲ.

ಎರಡನೆಯ ಸಲವೂ ಹಾಸಿಗೆಯಲ್ಲಿ ಮಿಸ್ ವೆಲ್ಮಾ ಅವರೇ. ಈ ಸಲ ಯೂಲಾಳಿಗಿಂತ ಅವರೇ ಹೆಚ್ಚು ಹೆದರಿದ್ದರು.

"ನಿಮ್ಮ ಪೂರ್ತಿ ಹೆಸರು, ಹುಟ್ಟಿದ ತಾರೀಖು ಹೇಳ್ತೀರಾ?" ಎಂದಳು ಯೂಲಾ.

ಮಿಸ್ ವೆಲ್ಮಾ ಎರಡನ್ನೂ ಬಡಬಡನೆ ಹೇಳಿ ಉಸಿರು ಬಿಟ್ಟರು. ಯೂಲಾ ಕೈಪಟ್ಟಿ ತಿರುಗಿಸಿ ಓದಿದಳು. ಹೆಸರು ಸರಿಯಿತ್ತು. ತಾರೀಖು ಬೇರೆ ಇತ್ತು. ಮತ್ತೊಮ್ಮೆ ಓದಿ, ಮಾತ್ರೆಯ ಬಟ್ಟಲನ್ನು ಗಾಡಿಯ ಮೇಲೆ ಇಟ್ಟುಬಿಟ್ಟಳು.

"ಪಟ್ಟಿ ಹೊಂದ್ತಿಲ್ಲ ಮೇಡಂ. ಸರಿ ಆಗೋವರ್ಗೂ ನಾನು ಕೊಡಲ್ಲ."

ಬೇಕೆಂದೇ ಪಟ್ಟಿ ಬದಲಾಯಿಸಿದ್ದು ಮಿಸ್ ರೊನೆಲ್ ಅವರೇ. ಅವರು ನಕ್ಕಿದ್ದನ್ನು ಯೂಲಾ ನೋಡಿದ್ದು ಅದೇ ಮೊದಲು.

ಮುಂದೆ ಸರ್ಕಾರದ ಪರೀಕ್ಷೆಯೂ ಆಯಿತು, ಲೈಸೆನ್ಸೂ ಬಂತು. ಯೂಲಾ ದೊಡ್ಡ ಪಾತ್ರೆಯಲ್ಲಿ ಸೀಗಡಿಯ ಗಂಬೋ ಸಾರು ಮಾಡಿ ತಂದು ಪಡಸಾಲೆಗೆಲ್ಲ ಬಡಿಸಿದಳು. ಎದುರು ಕೋಣೆಯ ಮುದುಕಿಯ ಕೈ ಹಿಡಿದು, ನೀವೆಲ್ಲ ಇಲ್ಲದಿದ್ದರೆ ಆಗುತ್ತಿರಲಿಲ್ಲವೆಂದು ಅತ್ತಳು. ಅದು ಉಪಚಾರದ ಮಾತಾಗಿರಲಿಲ್ಲ.

ನರ್ಸಾದ ಮೊದಲ ದಿನ ಔಷಧದ ಗಾಡಿ ತಳ್ಳಿಕೊಂಡು ಬಂದು ಗ್ರೋಬೆಕ್ ಮಾವನ ಬಾಗಿಲು ತಟ್ಟಿದಳು. ಈ ಸಲ ಬಟ್ಟಲಲ್ಲಿದ್ದದ್ದು ಬೆನ್ನುನೋವಿನ ಮಾತ್ರೆ. ಪಡಸಾಲೆಯ ಮುದುಕ ಮುದುಕಿಯರೆಲ್ಲ ಗಾಲಿಕುರ್ಚಿ ಹತ್ತಿರ ತಂದು, ಇವತ್ತು ಯಾರಾಗುತ್ತಾನೋ ಎಂದು ಕಿವಿ ನಿಮಿರಿಸಿದರು.

"ನಿಮ್ಮ ಪೂರ್ತಿ ಹೆಸರು ಹೇಳ್ತೀರಾ?"

ಮುದುಕ ಅಂಗಿಯ ಕಾಲರು ಸರಿಮಾಡಿಕೊಂಡ. ನೋಯುವ ಬೆನ್ನನ್ನು ನೆಟ್ಟಗೆ ಮಾಡಿ ಕೂತ.

"ಥಿಯೋಫೀಲ್ ಯೂಲಿಸ್ ಲಿರೆಟ್," ಎಂದ. ಕೇಳದೆಯೇ ಹುಟ್ಟಿದ ತಾರೀಖನ್ನೂ ಬಿಡಿಸಿ ಹೇಳಿದ.

ಯಾರೂ ನಗಲಿಲ್ಲ. ಕಣ್ಣು ಮಂಜಾಗಿದ್ದರಿಂದ ಯೂಲಾ ಪಟ್ಟಿಯನ್ನು ಎರಡೆರಡು ಸಲ ಓದಬೇಕಾಯಿತು.

"ಹೊಂದುತ್ತಾ, ಮಿಸ್ ಯೂಲಾ?" ಎಂದು ಕೇಳಿದ ಮುದುಕ. ಶಾ ಎನ್ನದೆ ಅವಳನ್ನು ಅವನು ಹಾಗೆ ಕರೆದದ್ದು ಅದೇ ಮೊದಲು.

"ಹೊಂದುತ್ತೆ," ಎಂದು ಅವಳು ಮಾತ್ರೆಯನ್ನು ಅವನ ಅಂಗೈಯಲ್ಲಿ ಇಟ್ಟಳು.