ಬೇಕಂತಲೇ ತಪ್ಪಿದ ಗಂಧಾರ

ನಾನು ಚಿಕ್ಕವನಿದ್ದಾಗ ಹದಿನೈದು ದಿನ ಕಷ್ಟಪಟ್ಟು ತಪ್ಪು ಹಾಡುವುದನ್ನು ಕಲಿತೆ. ನಗಬೇಡಿ ಮಕ್ಕಳೇ. ಸರಿಯಾಗಿ ಹಾಡುವುದನ್ನು ಕಲಿಸುವವರು ಬೇಕಾದಷ್ಟು ಜನ ಸಿಗುತ್ತಾರೆ, ತಪ್ಪು ಹಾಡುವುದನ್ನು ಕಲಿಸುವವರು ಒಬ್ಬರೂ ಇಲ್ಲ. ಕೊಟ್ಟೂರಿನ ಸಂಗೀತ ಶಾಲೆಯ ಹಿತ್ತಲಿನಲ್ಲಿ, ನೀರಿನ ತೊಟ್ಟಿಯ ಮರೆಯಲ್ಲಿ ಕೂತು, ಅದನ್ನು ನಾನೇ ಕಲಿಯಬೇಕಾಯಿತು. ಆಗ ನನಗೆ ಹತ್ತು ವರ್ಷ.

ಆ ಶಾಲೆಯಲ್ಲಿ ನಾವು ಮೂವತ್ತು ಹುಡುಗರಿದ್ದೆವು. ಊಟ, ನಿದ್ದೆ, ಪಾಠ ಎಲ್ಲವೂ ಅಲ್ಲೇ. ಬೆಳಕು ಹರಿಯುವ ಮೊದಲೇ ಗಂಟೆ ಹೊಡೆಯುತ್ತಿತ್ತು. ತಣ್ಣನೆಯ ಕಲ್ಲುಹಾಸಿನ ಮೇಲೆ ಸಾಲಾಗಿ ಕೂತು 'ಸಾ' ಹಿಡಿಯಬೇಕು. ಪಕ್ಕದಲ್ಲೊಬ್ಬ ತಬಲಾ ಬಾರಿಸುತ್ತಿದ್ದ, ಇನ್ನೊಬ್ಬ ಬೇರೆಯೇ ರಾಗ ಎಳೆಯುತ್ತಿದ್ದ, ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಹಾಗೆಂದು ಅಲ್ಲಿ ಯಾರೂ ಹೊಡೆಯುತ್ತಿರಲಿಲ್ಲ, ಉಪವಾಸ ಕೆಡವುತ್ತಲೂ ಇರಲಿಲ್ಲ. ಬಿಸಿ ಜೋಳದ ರೊಟ್ಟಿಯ ವಾಸನೆ ಮೂಗಿಗೆ ಬಡಿದರೂ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅಷ್ಟೇ. ಗುಡೇಕೋಟೆಯ ನಮ್ಮ ಮನೆ, ಅವ್ವ, ಮನೆಯ ಹಿಂದಿನ ಬಂಡೆಗುಡ್ಡ ಎಲ್ಲ ನೆನಪಾಗುತ್ತಿತ್ತು. ಗೋಡೆಯಾಚೆ ನಮ್ಮೂರ ದಾರಿಯಲ್ಲಿ ಕೂಡ್ಲಿಗಿ ಕಡೆಗೆ ಹೋಗುವ ಬಸ್ಸು ಹಾರ್ನ್ ಹೊಡೆದಾಗಲೆಲ್ಲ ಅಳು ಬರುತ್ತಿತ್ತು.

ಮನೆಯವರಿಗೆ ಹೇಳಿಬಿಡಬಹುದಿತ್ತಲ್ಲ ಅಜ್ಜ ಎನ್ನುತ್ತೀರಿ. ಹೇಗೆ ಹೇಳಲಿ? ಭಾನುವಾರ ಎಲ್ಲರೂ ಮನೆಗೆ ಕಾರ್ಡು ಬರೆಯುತ್ತಿದ್ದೆವು. ದೊಡ್ಡ ಹುಡುಗನೊಬ್ಬ ಅದನ್ನು ಓದಿ, ಕಾಗುಣಿತ ತಿದ್ದಿ ಆಮೇಲೆ ಅಂಚೆಗೆ ಹಾಕುತ್ತಿದ್ದ. 'ನಾನು ಕ್ಷೇಮ' ಎನ್ನುವುದು ಬಿಟ್ಟು ಬೇರೇನು ಬರೆಯುವುದು? ಅಮಾವಾಸ್ಯೆಗೊಮ್ಮೆ ಮನೆಯವರು ಬರಬಹುದಿತ್ತು. ಆದರೆ ಅವರು ಗುರುಗಳ ಎದುರೇ ಚಾಪೆಯ ಮೇಲೆ ಕೂರಬೇಕು, ನಾವು ಕಲಿತದ್ದನ್ನು ಹಾಡಿ ತೋರಿಸಿ ನಮಸ್ಕಾರ ಮಾಡಿ ಒಳಗೆ ಹೋಗಬೇಕು. ಬೇರೆಯಾಗಿ ಕೂತು ಮಾತಾಡಿದರೆ ಮಕ್ಕಳ ಮನಸ್ಸು ಊರಿಗೆ ಓಡುತ್ತದೆ ಎಂಬುದು ಗುರುಗಳ ಲೆಕ್ಕಾಚಾರ. ಅದೂ ಅಲ್ಲದೆ ಅಪ್ಪ ನನ್ನನ್ನು ಆ ಶಾಲೆಗೆ ಸೇರಿಸಲು ಮೂರು ಸಲ ಬಂದು ಕೈಮುಗಿದಿದ್ದ. 'ನಮ್ಮ ಹುಡುಗ ಸಂಗೀತ ಕಲಿಯಾಕತ್ಯಾನ' ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಅಂಥ ಅಪ್ಪನ ಮುಖ ನೋಡಿಕೊಂಡು 'ನನಗೆ ಇದು ಬೇಡ' ಎನ್ನಲು ನನಗೆ ಬಾಯಿ ಬರಲಿಲ್ಲ.

ಅದಕ್ಕೇ ಒಂದು ಉಪಾಯ ಹೂಡಿದೆ. ಅಪ್ಪ ಬಂದ ದಿನ ಕೆಟ್ಟದಾಗಿ ಹಾಡುವುದು. 'ಇವನಿಗೆ ಸ್ವರ ಹತ್ತುವುದಿಲ್ಲ, ಕರೆದುಕೊಂಡು ಹೋಗಿ' ಎಂದು ಗುರುಗಳೇ ಹೇಳಬೇಕು. ಆಗ ತಪ್ಪು ಯಾರದೂ ಅಲ್ಲ. ದೇವರು ಕೊಡಲಿಲ್ಲ ಎಂದು ಸುಮ್ಮನಾಗಬಹುದು. ಆಗ ನಾವು ಭೂಪ್ ರಾಗ ಕಲಿಯುತ್ತಿದ್ದೆವು. ಅದರಲ್ಲಿ ಐದೇ ಸ್ವರ, ಗಂಧಾರವೇ ಯಜಮಾನ. ಗಂಧಾರ ಎಂದರೆ ಸರಿಗಮದ 'ಗ'. ಅದನ್ನು ಕೂದಲೆಳೆಯಷ್ಟು ಕೆಳಗೆ ಎಳೆದರೆ ಸಾಕು, ಬಲ್ಲವರ ಹಲ್ಲು ಜುಮ್ಮೆನ್ನುತ್ತದೆ. ಆದರೆ ನನ್ನ ಗಂಟಲು ನನ್ನ ಮಾತು ಕೇಳಬೇಕಲ್ಲ. ಗುರುಗಳು ತಿದ್ದಿ ತಿದ್ದಿ ಕೂರಿಸಿದ್ದ ಸ್ವರ ತಾನಾಗಿಯೇ ಸರಿಯಾದ ಜಾಗಕ್ಕೆ ಹೋಗಿಬಿಡುತ್ತಿತ್ತು. ತೊಟ್ಟಿಯ ಹಿಂದೆ, ಪಾಚಿಯ ವಾಸನೆಯಲ್ಲಿ ಕೂತು, ಸಣ್ಣ ದನಿಯಲ್ಲಿ ಅದನ್ನು ದಿನವೂ ಕೆಳಗೆ ಎಳೆದೆ. ಕೊನೆಗೆ ತಪ್ಪು ಗಂಧಾರ ಕರೆದಾಗಲೆಲ್ಲ ಬರತೊಡಗಿತು. ಅಷ್ಟು ಹೆಮ್ಮೆ ನನಗೆ ಸರಿ ಹಾಡಿದಾಗಲೂ ಆಗಿರಲಿಲ್ಲ.

ಅಮಾವಾಸ್ಯೆಯ ದಿನ ಅಪ್ಪ, ಅಕ್ಕ ಇಬ್ಬರೂ ಬಂದರು. ಅಪ್ಪನ ಅಂಗಿಯಲ್ಲಿ ಬೆವರಿನ ವಾಸನೆ, ಬಸ್ಸಿನ ಧೂಳು. ಅಕ್ಕನ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಶೇಂಗಾ ಹೋಳಿಗೆ. ನಾನು ಹೊರಡುವುದು ಖಂಡಿತ ಎಂದುಕೊಂಡು ನನ್ನ ಎರಡು ಜೊತೆ ಬಟ್ಟೆಯನ್ನು ಆಗಲೇ ಗಂಟು ಕಟ್ಟಿಟ್ಟು ಬಂದಿದ್ದೆ. ಗುರುಗಳು ಹಾರ್ಮೋನಿಯಂ ಎಳೆದುಕೊಂಡು ಶ್ರುತಿ ಕೊಟ್ಟರು. ನಾನು ಶುರು ಮಾಡಿದೆ.

ಮೊದಲ ಗಂಧಾರ ತಪ್ಪಿದಾಗ ಗುರುಗಳು ತಲೆ ಎತ್ತಿದರು. ಎರಡನೆಯದು ತಪ್ಪಿದಾಗ ಹಿಂದೆ ಕೂತ ಹುಡುಗರು ಕೆಮ್ಮಿದಂತೆ ಮಾಡಿ ನಕ್ಕರು. ನಾನು ಬಿಡಲಿಲ್ಲ. ಗುರುಗಳು ಹಾರ್ಮೋನಿಯಂ ನಿಲ್ಲಿಸಿ, ಕಣ್ಣು ಮುಚ್ಚಿ ಕೇಳತೊಡಗಿದರು. ಹಾಡು ಮುಗಿದ ಮೇಲೆ ಅಪ್ಪನ ಕಡೆ ನೋಡುತ್ತೇನೆ, ಅವನ ಕಣ್ಣಲ್ಲಿ ನೀರು. ಸಂಗೀತದ ಗಂಧಗಾಳಿಯೂ ಇಲ್ಲದ ಅಪ್ಪನಿಗೆ ಅದೇ ಅಮೃತವಾಗಿತ್ತು. "ನಮ್ಮ ಹುಡುಗ ಇಷ್ಟು ಚಂದ ಹಾಡ್ತಾನಂತ ನನಗ ಗೊತ್ತಿರಲಿಲ್ರಿ," ಎಂದ.

"ಚಂದ ಹಾಡಲಿಲ್ರಿ, ತಪ್ಪು ಹಾಡಿದ," ಎಂದರು ಗುರುಗಳು. ಅಬ್ಬಾ, ಬಚಾವಾದೆ ಎಂದುಕೊಂಡೆ. ಆದರೆ ಅವರ ಮಾತು ಮುಗಿದಿರಲಿಲ್ಲ. "ಹಾಡಾಕ ಬರದವ್ರು ಎಲ್ಲೆಲ್ಲೋ ತಪ್ತಾರ. ಇವ ಹನ್ನೊಂದು ಸಲ ತಪ್ಪಿದ, ಹನ್ನೊಂದು ಸಲನೂ ಒಂದ ಜಾಗದಾಗ. ಬೇಕಂತ ಮಾಡ್ಯಾನ. ಸರಿ ಜಾಗ ಗೊತ್ತಿಲ್ಲದವಂಗ ಇದು ಆಗಂಗಿಲ್ಲ. ಇಂಥಾ ಕಿವಿ ನಮ್ಮ ಶಾಲಿಯಾಗ ಇನ್ನೊಬ್ಬರಿಗಿಲ್ಲ. ನಾಳಿಂದ ದೊಡ್ಡವರ ಪಾಠಕ್ಕ ಕೂರಿಸ್ತೀನಿ."

ಅಪ್ಪ ಎದ್ದು ಅವರ ಕಾಲಿಗೆ ಬಿದ್ದ. ಇಬ್ಬರೂ ನಗುತ್ತಿದ್ದರು. ನಾನು ಹೊರಗೆ ಹೋಗಲು ತೆಗೆದ ದಾರಿ ನನ್ನನ್ನು ಇನ್ನಷ್ಟು ಒಳಗೆ ತಂದು ಬಿಟ್ಟಿತ್ತು.

ನಗದೆ ಕೂತಿದ್ದವಳು ಅಕ್ಕ ಒಬ್ಬಳೇ. "ಯಾಕ ತಮ್ಮಾ, ಬೇಕಂತ ಯಾಕ ತಪ್ಪು ಹಾಡಿದಿ?" ಎಂದು ಗುರುಗಳ ಮುಂದೆಯೇ ಕೇಳಿಬಿಟ್ಟಳು. ಅಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. 'ಮನಿಗೆ ಬರ್ತೀನಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಪ್ಪನ ಕಣ್ಣು ಇನ್ನೂ ಒದ್ದೆಯಾಗಿತ್ತು.

"ಸುಮ್ನ," ಎಂದೆ. "ತಮಾಷಿಗೆ."

ಅಕ್ಕ ನಂಬಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೂತಳು. ಅವಳು ಇನ್ನೊಂದು ಸಲ ಕೇಳಿದ್ದರೆ ನಾನು ಅತ್ತು, ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಕೇಳಲೆಂದು ಬಾಯಿಯನ್ನೂ ತೆರೆದಳು. ಅಷ್ಟರಲ್ಲಿ ಅಪ್ಪ "ಬಸ್ಸಿಗೆ ಹೊತ್ತಾತು, ನಡಿಯವ್ವ," ಎಂದು ಅವಳನ್ನು ಎಬ್ಬಿಸಿದ. ಅವರು ಹೋದ ಮೇಲೆ ನಾನು ಗಂಟು ಬಿಚ್ಚಿ, ಬಟ್ಟೆ ಮಡಚಿಟ್ಟು, ಗೋಡೆಯ ಕಡೆ ಮುಖ ಮಾಡಿ ಕೂತೆ. ಹೋಳಿಗೆಯನ್ನು ಉಳಿದ ಹುಡುಗರು ತಿಂದರು.

ಆಮೇಲೆ ಏಳು ವರ್ಷ ಅಲ್ಲೇ ಇದ್ದೆ. ಸಂಗೀತ ಬಂತು, ಅದರಿಂದಲೇ ಬದುಕಿದೆ, ಇಲ್ಲವೆನ್ನಲಾರೆ. ಗುರುಗಳೂ ಕೆಟ್ಟವರಲ್ಲ. ಆದರೆ ನನ್ನ ಸ್ವರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿದವರಿಗೆ, ದಿನವೂ ನಾನು ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದದ್ದು ಕಾಣಲಿಲ್ಲ. ಆ ಹತ್ತು ವರ್ಷದ ಹುಡುಗನನ್ನು ನೆನೆದರೆ ನನಗೆ ಈಗಲೂ ಪಾಪ ಎನಿಸುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ.

ನಿಮ್ಮ ಕಾಲ ಬೇರೆ ಮಕ್ಕಳೇ. ನಿಮ್ಮಲ್ಲೊಬ್ಬಳು ಹರಪನಹಳ್ಳಿಯ ಹಾಸ್ಟೆಲಿನಲ್ಲಿದ್ದಾಳೆ, ಒಬ್ಬ ಹಡಗಲಿಯಲ್ಲಿದ್ದಾನೆ. ಭಾನುವಾರ ಫೋನಿನಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಮನಸ್ಸಿಗೆ ಬೇಸರವಾದರೆ ಮಾತಾಡಲೆಂದೇ ಒಬ್ಬರು ಮೇಡಂ ಬರುತ್ತಾರಂತೆ. ನಮಗೆ ಅಂಥದ್ದೆಲ್ಲ ಕನಸಿನಲ್ಲೂ ಗೊತ್ತಿರಲಿಲ್ಲ. ಆದರೂ ಹೇಗಿದ್ದೀರಿ ಎಂದರೆ ನೀವೂ ಥಟ್ಟನೆ "ಆರಾಮ ಅದೀನಿ ಅಜ್ಜ" ಎನ್ನುತ್ತೀರಿ. ನಾನು ಮತ್ತೆ ಅದನ್ನೇ ಕೇಳಿದರೆ ಅಜ್ಜನಿಗೆ ಕಿವಿ ಮಂದವಾಯಿತು ಎಂದು ನಗುತ್ತೀರಿ. ಕಿವಿ ಚೆನ್ನಾಗಿಯೇ ಇದೆ. ಅವತ್ತು ನನ್ನನ್ನು ಯಾರೂ ಎರಡನೆಯ ಸಲ ಕೇಳಲಿಲ್ಲ, ಅದಕ್ಕೇ ನಿಮ್ಮನ್ನು ನಾನು ಕೇಳುತ್ತೇನೆ.